ಗುರುಗಳ ಕಿವಿಗೆ ಹಾಡಿ: ತಡವಾಗಿ ಸಂಗೀತ ಕಲಿಯಲು ಹೊರಟವರಿಗೊಂದು ಬಹಿರಂಗ ಪತ್ರ

ನಡುವಯಸ್ಸಿನಲ್ಲಿ ಹಾಡು ಕಲಿಯಲು ಹೊರಟ ಗೆಳತಿಯರೇ, ಗೆಳೆಯರೇ,

ಮನೆ ಸಾಲ ತೀರಿದೆ, ಮಕ್ಕಳು ಕಾಲೇಜು ಸೇರಿದ್ದಾರೆ, ಇಲ್ಲವೇ ನಿವೃತ್ತಿಯ ದಿನ ಹೊದಿಸಿದ ಶಾಲು ಮಡಿಕೆ ಬಿಚ್ಚದೆ ಬೀರುವಿನಲ್ಲಿ ಕೂತಿದೆ. ಚಿಕ್ಕಂದಿನಲ್ಲಿ ಅರ್ಧಕ್ಕೆ ಬಿಟ್ಟ ಸಂಗೀತವನ್ನು ಈಗಲಾದರೂ ಕಲಿಯಬೇಕು ಅನ್ನಿಸಿದೆ. ಮೂವತ್ತು ಜನ ಒಟ್ಟಿಗೆ ಹಾಡುವ ಕ್ಲಾಸು ಬೇಡ, ಕಛೇರಿ ಮಾಡಿ ಪಳಗಿದ ಗಾಯಕರೊಬ್ಬರ ಮುಂದೆ ಒಬ್ಬರೇ ಕೂತು ಪಾಠ ಹೇಳಿಸಿಕೊಳ್ಳಬೇಕು ಎಂದು ತೀರ್ಮಾನ ಮಾಡಿದ್ದೀರಿ. ಒಳ್ಳೆಯ ತೀರ್ಮಾನ. ಧಾರವಾಡದಲ್ಲಿ ಅಂಥ ಗಾಯಕರೊಬ್ಬರ ಮುಂದೆ ವರ್ಷಗಟ್ಟಲೆ ಕೂತವಳು, ಇನ್ನೂ ಕೂರುತ್ತಿರುವವಳು ನಾನು. ವೇದಿಕೆ ಏರುವ ಹಂಬಲವಿಲ್ಲ, ಆಫೀಸು ಮುಗಿಸಿ ಪಾಠಕ್ಕೆ ಓಡುವ ವಿದ್ಯಾರ್ಥಿನಿ. ಹಾಗಾಗಿ ಇದು ವಿದುಷಿಯ ಉಪದೇಶವಲ್ಲ, ನಿಮಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿರುವವಳ ಮಾತು.

ಹೇಳಬೇಕಾದದ್ದು ಒಂದೇ: ಅಲ್ಲಿಗೆ ಹಾಡು ಕೊಳ್ಳಲು ಹೋಗಬೇಡಿ. ಹಾಡು ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ಯಾವ ರಾಗದ ಯಾವ ಬಂದಿಶ್ ಬೇಕು, ಯಾವ ಕೃತಿ ಬೇಕು, ಯೂಟ್ಯೂಬಿನಲ್ಲಿ ಹುಡುಕಿದರೆ ದಿಗ್ಗಜರೇ ಹಾಡಿ ಕೊಡುತ್ತಾರೆ. ನೀವು ಹಾಡಿದ್ದನ್ನು ಕೇಳಿ, ‘ಇಲ್ಲಿ ತಪ್ಪಿತು’ ಎಂದು ಅದೇ ಕ್ಷಣ ಹೇಳುವ ಕಿವಿ ಮಾತ್ರ ಅಲ್ಲಿ ಸಿಗುವುದಿಲ್ಲ. ನೀವು ತಿಂಗಳಿಗೊಮ್ಮೆ ಲಕೋಟೆಯಲ್ಲಿಟ್ಟು ಕೊಡುವ ಹಣ ಆ ಕಿವಿಗೆ.

ಪಾಠದ ಕೋಣೆಯಲ್ಲಿ ಆಗುವುದೇನು ಎಂದು ಒಂದು ಉದಾಹರಣೆ ಹೇಳುತ್ತೇನೆ. ಯಮನ್ ರಾಗ ತೆಗೆದುಕೊಳ್ಳಿ. ಕರ್ನಾಟಕ ಸಂಗೀತ ಕೇಳಿದವರಿಗೆ ಕಲ್ಯಾಣಿಯ ನೆನಪು ತರುವ ರಾಗ. ಅದರ ಮೊದಲ ಮಾತೇ ‘ನಿ ರೇ ಗ’. ಮಂದ್ರದ ನಿಷಾದದಿಂದ ಷಡ್ಜವನ್ನು ಮುಟ್ಟದೆ ರಿಷಭಕ್ಕೆ, ಅಲ್ಲಿಂದ ಗಾಂಧಾರಕ್ಕೆ. ಕಾಗದದ ಮೇಲೆ ಬರೀ ಮೂರು ಅಕ್ಷರ. ಗುರುಗಳು ಹಾಡುತ್ತಾರೆ, ನೀವೂ ಹಾಡುತ್ತೀರಿ. ನಿಮ್ಮ ಕಿವಿಗೆ ಎರಡೂ ಒಂದೇ. ಅವರು ತಲೆ ಅಲ್ಲಾಡಿಸುತ್ತಾರೆ: ‘ಗಾಂಧಾರ ಇಳೀತು.’ ಮತ್ತೆ ಹಾಡುತ್ತೀರಿ. ‘ಈಗ ಏರಿತು.’ ಇನ್ನೊಮ್ಮೆ. ಕೊನೆಗೆ ನಿಮ್ಮನ್ನು ಸುಮ್ಮನಿರಲು ಹೇಳಿ, ತಂಬೂರಿಯ ಖರ್ಜದ ತಂತಿಯೊಂದನ್ನೇ ಮೀಟುತ್ತಾರೆ. ‘ಇದರಾಗೇ ಐತಿ, ಕೇಳ್ರಿ.’ ಮೊದಮೊದಲು ಏನೂ ಕೇಳಿಸುವುದಿಲ್ಲ. ತಂತಿಯ ದಪ್ಪ ನಾದ ಕರಗುತ್ತ ಬಂದಾಗ ಅದರ ಮೇಲುಗಡೆ ಸಣ್ಣಗೆ ಇನ್ನೊಂದು ಸ್ವರ ತೇಲುತ್ತಿರುವುದು ಗೊತ್ತಾಗುತ್ತದೆ. ಅದು ಗಾಂಧಾರ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯ ಮಂದ್ರ ಷಡ್ಜದ ತಂತಿ ತನ್ನ ಮೂಲ ಕಂಪನದ ಐದು ಪಟ್ಟು ವೇಗದಲ್ಲೂ ಒಳಗೊಳಗೇ ಕಂಪಿಸುತ್ತಿರುತ್ತದೆ. ನಮಗೆ ಕೇಳಿಸುವುದು ಅದೇ. ಸಂಗೀತಗಾರರು ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಕೀಬೋರ್ಡಿನ ಗಾಂಧಾರಕ್ಕಿಂತ ಇದು ಕೂದಲೆಳೆಯಷ್ಟು ಕೆಳಗಿರುತ್ತದೆ. ಮನೆಯಲ್ಲಿ ಕೀಬೋರ್ಡ್ ಒತ್ತಿ ಒತ್ತಿ ಅಭ್ಯಾಸ ಮಾಡಿದವರ ಗಾಂಧಾರ ತಂಬೂರಿಯ ಜೊತೆ ಯಾಕೋ ಬೆರೆಯುವುದಿಲ್ಲ ಅನ್ನಿಸುವುದು ಇದಕ್ಕೇ.

ಈ ಒಂದು ಗಾಂಧಾರಕ್ಕೆ ಇಡೀ ಪಾಠವೇ ಮುಗಿದುಹೋಗಬಹುದು. ಆ ದಿನ ಮನೆಗೆ ಬಂದಾಗ ‘ಇವತ್ತು ಏನು ಹೇಳಿಕೊಟ್ಟರು?’ ಎಂದು ಮನೆಯವರು ಕೇಳಿದರೆ ಉತ್ತರ ತೋಚುವುದಿಲ್ಲ. ಹೊಸ ಹಾಡಿಲ್ಲ, ಹೊಸ ರಾಗವಿಲ್ಲ, ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಇಲ್ಲ. ಹಣ ದಂಡವಾಯಿತೇನೋ ಎಂಬ ಅನುಮಾನ ಬರುವುದು ಆಗಲೇ. ನಂಬಿ, ನಿಮಗೆ ನಿಜವಾಗಿ ಪಾಠ ಆದದ್ದು ಅವತ್ತು. ಗುಂಪಿನ ಕ್ಲಾಸಿನಲ್ಲಿ ನಿಮ್ಮ ಇಳಿದ ಗಾಂಧಾರ ಪಕ್ಕದವರ ಸರಿಯಾದ ಗಾಂಧಾರದ ಮರೆಯಲ್ಲಿ ಹಾಯಾಗಿ ಉಳಿದುಬಿಡುತ್ತದೆ. ಒಬ್ಬರೇ ಕೂತಾಗ ಅದಕ್ಕೆ ಅಡಗಲು ಜಾಗವಿಲ್ಲ.

‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆ ಅರ್ಧ ಸತ್ಯ. ಸರಿಯಾಗಿ ಹಾಡುತ್ತ ಹೋದರೆ ರಾಗ ಕೂರುತ್ತದೆ, ತಪ್ಪಾಗಿ ಹಾಡುತ್ತ ಹೋದರೆ ತಪ್ಪೂ ಅಷ್ಟೇ ಭದ್ರವಾಗಿ ಕೂರುತ್ತದೆ. ಹತ್ತು ವರ್ಷ ಭಜನಾ ಮಂಡಳಿಯಲ್ಲಿ ಹಾಡಿಕೊಂಡು ಬಂದವರಿಗೆ ಕಲಿಸುವುದಕ್ಕಿಂತ ಏನೂ ಬಾರದವರಿಗೆ ಕಲಿಸುವುದು ಸುಲಭ ಎಂದು ಗುರುಗಳು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕಂಠಕ್ಕೆ ಅಂಟಿದ ಚಾಳಿ ಬಿಡಿಸುವುದೇ ಅವರಿಗೆ ದೊಡ್ಡ ಕೆಲಸ.

ಹೀಗೆ ಹೊಸ ಹಾಡು ಬಿಟ್ಟು ಸ್ವರವನ್ನೇ ತಿದ್ದುವ ಪಾಠ ನಮ್ಮ ಭಾಗದ ಸಂಗೀತದ ಚರಿತ್ರೆ ಬಲ್ಲವರಿಗೆ ಹೊಸತೇನೂ ಅಲ್ಲ. ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ, ಮೆಹಫಿಲ್‌ಗಳಲ್ಲಿ ಹಾಡಿ ಹೆಸರು ಮಾಡಿ, ಕುಂದಗೋಳದಲ್ಲಿ ಕೂತು ಶಿಷ್ಯರನ್ನು ತಯಾರು ಮಾಡಿದವರು. ರೋಣದಲ್ಲಿ ಹುಟ್ಟಿ, ಹನ್ನೊಂದರ ಎಳೆ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಊರೂರು ಅಲೆದ ಭೀಮಸೇನ ಜೋಶಿಯವರು ಕೊನೆಗೆ ನೆಲೆ ನಿಂತದ್ದು ಅವರ ಮನೆಯಲ್ಲಿ. ಅಲ್ಲಿ ನೀರು ಹೊತ್ತರು, ಮನೆಗೆಲಸ ಮಾಡಿದರು. ಪಾಠ ಎಂದರೆ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಬಹುಕಾಲ ಅವರಿಗೆ ಸಿಕ್ಕಿದ್ದು ಈ ಮೂರೇ ರಾಗ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಪಾಠ ಮುಗಿದ ಮೇಲೆ ಅವರನ್ನು ನಿಲ್ದಾಣದವರೆಗೆ ಬಿಟ್ಟು ಬರುವ ಕೆಲಸ ಭೀಮಸೇನರದು. ಮೂರು ರಾಗದಲ್ಲಿ ದಿನ ಕಳೆದ ಆ ಹುಡುಗನಿಗೆ ಮುಂದೆ ಭಾರತರತ್ನ ಬಂತು. ಒಂದು ರಾಗದಲ್ಲಿ ಸ್ವರ ಹಚ್ಚುವುದು ಕಲಿತವನಿಗೆ ಉಳಿದ ರಾಗಗಳ ಬಾಗಿಲು ತಾನಾಗಿ ತೆರೆಯುತ್ತದೆ ಎಂಬ ಲೆಕ್ಕಾಚಾರ ಆ ಪಾಠದಲ್ಲಿತ್ತು.

ನಮಗೆ ನಿಮಗೆ ನೀರು ಹೊರುವ ಪ್ರಸಂಗವಿಲ್ಲ, ವಾರಕ್ಕೊಂದೋ ಎರಡೋ ಪಾಠ ಸಿಕ್ಕರೆ ಪುಣ್ಯ. ಆದರೂ ಲೆಕ್ಕಾಚಾರ ಅದೇ. ‘ಹಾಡಿದ್ದೇ ಹಾಡೋ ಕಿಸಬಾಯಿದಾಸ’ ಎಂದು ಊರವರು ಹಂಗಿಸಲಿ, ರಿಯಾಜಿನ ಕೋಣೆಯಲ್ಲಿ ಆ ದಾಸನೇ ನಮಗೆ ಆದರ್ಶ. ಕರ್ನಾಟಕ ಸಂಗೀತಕ್ಕೆ ಹೋಗುವವರಿಗೆ ಈ ಮಾತು ಇನ್ನೂ ಬೇಗ ಎದುರಾಗುತ್ತದೆ. ಮಾಯಾಮಾಳವಗೌಳದ ಸರಳೆ, ಜಂಟಿ, ಅಲಂಕಾರ, ಅದೂ ಮೂರು ಕಾಲದಲ್ಲಿ. ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರಿಗೆ ಮೊಮ್ಮಗಳ ಪಾಠವನ್ನೇ ತಾವೂ ಒಪ್ಪಿಸುವಾಗ ನಾಚಿಕೆಯಾಗುತ್ತದೆ. ‘ನೇರ ಒಂದು ದೇವರನಾಮ ಹೇಳಿಕೊಡಿ’ ಎಂದು ಮೆಲ್ಲಗೆ ಕೇಳುತ್ತಾರೆ. ಗುರುಗಳು ಸಂಕೋಚದ ಸ್ವಭಾವದವರಾದರೆ ಹೇಳಿಕೊಟ್ಟೂ ಬಿಡುತ್ತಾರೆ. ಅಲ್ಲಿಗೆ ಇಬ್ಬರೂ ಸೋತಂತೆ. ದೇವರನಾಮ ಬಂತು, ಅದನ್ನು ಹೊರುವ ಕಂಠ ಬರಲಿಲ್ಲ.

ಇನ್ನು ಶ್ರುತಿಯ ವಿಚಾರ. ತಮ್ಮ ಕಂಠಕ್ಕೆ ಹೊಂದುವ ಶ್ರುತಿಯಲ್ಲಿ ಹಾಡುವುದು ಒಬ್ಬರೇ ಕೂತು ಕಲಿಯುವುದರ ಮೊದಲ ಲಾಭ, ತುಂಬ ಜನ ಬಿಟ್ಟುಕೊಡುವ ಲಾಭವೂ ಇದೇ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರ ಕಂಠಕ್ಕೆ ಸಾಮಾನ್ಯವಾಗಿ ಬಿಳಿ ಒಂದು, ಕರಿ ಒಂದು, ಬಿಳಿ ಎರಡರ ಆಸುಪಾಸು ಹೊಂದುತ್ತದೆ. ಹೆಂಗಸರಿಗೆ ಬಿಳಿ ಐದು, ಕರಿ ನಾಲ್ಕು, ಕೆಲವರಿಗೆ ಇನ್ನೂ ಮೇಲೆ. ಒಂದು, ಐದು, ಐದೂವರೆ ಎಂದು ಎಣಿಸುವ ಕರ್ನಾಟಕ ಸಂಗೀತದವರಿಗೂ ಲೆಕ್ಕ ಹೆಚ್ಚುಕಡಿಮೆ ಇದೇ. ಗುರುಗಳು ಗಂಡಸರಾಗಿ ಶಿಷ್ಯೆ ಹೆಂಗಸಾದರೆ, ಅಥವಾ ತಿರುವುಮುರುವಾದರೆ, ಇಬ್ಬರಲ್ಲಿ ಒಬ್ಬರು ತಮ್ಮ ಶ್ರುತಿ ಬಿಟ್ಟುಕೊಡಬೇಕು. ಗೌರವದ ಹೆಸರಿನಲ್ಲಿ ಬಿಟ್ಟುಕೊಡುವವರು ಸಾಮಾನ್ಯವಾಗಿ ಶಿಷ್ಯರೇ. ಆಮೇಲೆ ಮಂದ್ರಕ್ಕೆ ಇಳಿದರೆ ದನಿ ಗಂಟಲಲ್ಲೇ ಸಾಯುತ್ತದೆ, ತಾರಕ್ಕೆ ಏರಿದರೆ ಕಿರುಚಾಟವಾಗುತ್ತದೆ, ಪಾಠ ಮುಗಿಯುವ ಹೊತ್ತಿಗೆ ಕತ್ತಿನ ನರ ಬಿಗಿದಿರುತ್ತದೆ. ಮೊದಲ ದಿನವೇ ಕೇಳಿ: ‘ನನ್ನ ಕಂಠಕ್ಕೆ ಯಾವ ಶ್ರುತಿ ಸರಿ?’ ಮಂದ್ರ ಪಂಚಮದವರೆಗೆ ಸಲೀಸಾಗಿ ಇಳಿದು, ತಾರ ಗಾಂಧಾರವನ್ನಾದರೂ ಕಿರುಚದೆ ಮುಟ್ಟಲು ಆಗುವ ಶ್ರುತಿ ನಿಮ್ಮದು. ಅನುಭವಸ್ಥ ಗಾಯಕರು ನಿಮ್ಮ ಶ್ರುತಿಗೆ ಬಂದು, ಸ್ವರ ಗುನುಗಿ ತೋರಿಸಿ, ನಿಮ್ಮಿಂದ ಹಾಡಿಸುತ್ತಾರೆ. ತಾವೇ ಹಾಡಿ ಮೆರೆಯಬೇಕು ಎನ್ನುವವರು ಮಾತ್ರ ತಮ್ಮ ಶ್ರುತಿ ಬಿಟ್ಟು ಕದಲುವುದಿಲ್ಲ.

ಇಲ್ಲಿಗೆ ಇನ್ನೊಂದು ಸೂಕ್ಷ್ಮದ ಮಾತು ಬಂತು. ಚೆನ್ನಾಗಿ ಹಾಡುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂದೇನಿಲ್ಲ. ಕೆಲವರಿಗೆ ತಾವು ಹಾಡುವುದು ಎಷ್ಟು ಸಹಜವೆಂದರೆ, ಇನ್ನೊಬ್ಬರಿಗೆ ಅದು ಯಾಕೆ ಬರುವುದಿಲ್ಲ ಎಂದು ಅರ್ಥವೇ ಆಗುವುದಿಲ್ಲ. ‘ಹೀಗೆ ಹಾಡಿ’ ಎನ್ನುವುದಷ್ಟೇ ಅವರ ಪಾಠ. ಹಾಗಾಗಿ ಕಛೇರಿ ಕೇಳಿ ಮರುಳಾಗಿ ಗುರುವನ್ನು ಆರಿಸಬೇಡಿ. ಅವರ ಶಿಷ್ಯರ ಹಾಡು ಕೇಳಿ. ಎಲ್ಲ ಶಿಷ್ಯರೂ ಗುರುವಿನ ಕೈಯಾಟ, ಗುರುವಿನ ಗೊಗ್ಗರು ದನಿ, ಗುರುವಿನ ಕೆಮ್ಮನ್ನೂ ಸೇರಿಸಿ ಹಾಡುತ್ತಿದ್ದರೆ ಅಲ್ಲಿ ನಕಲು ನಡೆಯುತ್ತಿದೆ ಎಂದರ್ಥ. ಒಬ್ಬೊಬ್ಬರ ಕಂಠ ಒಂದೊಂದು ಥರ ಅರಳಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ. ಸಾಧ್ಯವಾದರೆ ಅನುಮತಿ ಪಡೆದು ಇನ್ನೊಬ್ಬರ ಪಾಠದಲ್ಲಿ ಒಂದು ಮೂಲೆಯಲ್ಲಿ ಕೂತು ನೋಡಿ. ಗಂಟೆಯಲ್ಲಿ ಹೆಚ್ಚು ಹೊತ್ತು ಹಾಡಿದವರು ಗುರುವೋ ಶಿಷ್ಯನೋ ಎಂದು ಗಮನಿಸಿದರೆ ಸಾಕು.

ಸುಳೇಭಾವಿಯ ಕುಮಾರ ಗಂಧರ್ವರು ಬಾಲಕನಾಗಿದ್ದಾಗಲೇ ದೊಡ್ಡ ಗಾಯಕರ ರೆಕಾರ್ಡುಗಳನ್ನು ಥೇಟ್ ಹಾಗೆಯೇ ಹಾಡಿ ಸಭಿಕರನ್ನು ಬೆರಗುಗೊಳಿಸುತ್ತಿದ್ದರು. ನಕಲಿನಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಆದರೂ ಮುಂಬಯಿಗೆ ಹೋಗಿ ಬಿ.ಆರ್. ದೇವಧರರ ಬಳಿ ಕಲಿಯಬೇಕಾಯಿತು. ಮುಂದೆ ಯಾರ ಹಾಗೂ ಇಲ್ಲದ ಗಾಯನ ಅವರದಾಯಿತು. ಮಲ್ಲಿಕಾರ್ಜುನ ಮನಸೂರರದು ಇನ್ನೊಂದು ಬಗೆ. ಮಿರಜದ ನೀಲಕಂಠ ಬುವಾ ಅವರಲ್ಲಿ ಕಲಿತು, ಗ್ರಾಮಫೋನ್ ರೆಕಾರ್ಡ್ ಕೊಟ್ಟು ಹೆಸರಾದ ಮೇಲೂ ಮತ್ತೆ ಶಿಷ್ಯನಾಗಿ ಮಂಜಿಖಾನರ ಮುಂದೆ ಕೂತರು. ಅವರು ತೀರಿಕೊಂಡ ಮೇಲೆ ಭುರ್ಜಿಖಾನರ ಮುಂದೆ. ಇವರಿಬ್ಬರ ಕಥೆ ಇಲ್ಲಿ ನೆನೆದದ್ದು ಯಾಕೆಂದರೆ, ‘ನನಗೆ ಅಷ್ಟಿಷ್ಟು ಬರುತ್ತದೆ’ ಎಂಬ ಅಭಿಮಾನ ನಮ್ಮಂಥವರಲ್ಲಿ ಜಾಸ್ತಿ. ಕಾಲೇಜಿನಲ್ಲಿ ಭಾವಗೀತೆಗೆ ಬಹುಮಾನ ಬಂದದ್ದನ್ನು ಗುರುಗಳಿಗೆ ಮೊದಲ ದಿನವೇ ಹೇಳುವುದು ಬೇಡ. ಹಾಡಿದರೆ ಅವರಿಗೇ ಗೊತ್ತಾಗುತ್ತದೆ.

ಹಾಗಾದರೆ ವೇದಿಕೆಯ ಅನುಭವ ಇರುವವರಿಂದ ಸಿಗುವ ವಿಶೇಷವೇನು? ಪುಸ್ತಕದಲ್ಲಿ ಇಲ್ಲದ ಹತ್ತಾರು ಸಂಗತಿಗಳು. ನೆಗಡಿಯಾದ ದಿನ ಯಾವ ರಾಗ ಹಾಡಬಾರದು, ಕಂಠ ಏಳದ ದಿನ ಮಂದ್ರದಲ್ಲಿ ಎಷ್ಟು ಹೊತ್ತು ತಿರುಗಾಡಬೇಕು, ತಬಲಾದವರು ಲಯ ಏರಿಸಿದರೆ ಕಣ್ಣಲ್ಲೇ ಹೇಗೆ ಹೇಳಬೇಕು, ಉಸಿರು ಸಾಲದೆ ತಾನ್ ಮುರಿದರೆ ಮುರಿದದ್ದು ತಿಳಿಯದ ಹಾಗೆ ಸಮಕ್ಕೆ ಹೇಗೆ ಬರಬೇಕು, ಎಲ್ಲಿ ನಿಲ್ಲಿಸಬೇಕು. ಗುರುಗಳ ಕಛೇರಿಯಲ್ಲಿ ಹಿಂದೆ ಕೂತು ತಂಬೂರಿ ಮೀಟುವ ಅವಕಾಶ ಸಿಕ್ಕರೆ ಬಿಡಬೇಡಿ. ಸಭಿಕರಿಗೆ ಕೇಳಿಸದ್ದು ಆ ಜಾಗದಲ್ಲಿ ಕೇಳಿಸುತ್ತದೆ: ಆಲಾಪದ ನಡುವೆ ಅವರು ಉಸಿರು ಎಳೆದುಕೊಳ್ಳುವ ಜಾಗ, ತಾರ ಷಡ್ಜಕ್ಕೆ ಹೋಗುವ ಮೊದಲಿನ ಅರೆಕ್ಷಣದ ತಯಾರಿ, ಇಷ್ಟು ವರ್ಷವಾದರೂ ಮೊದಲ ಸ್ವರಕ್ಕೆ ಮುಂಚೆ ಬೆರಳ ತುದಿಯಲ್ಲಿ ಕಾಣುವ ನಡುಕ.

ವಯಸ್ಸಿನ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಐವತ್ತರಲ್ಲಿ ಶುರು ಮಾಡಿದವರಿಗೆ ಮೂರು ಸಪ್ತಕದ ಮಿಂಚಿನ ತಾನ್ ಬರುವುದು ಕಷ್ಟ. ಕಂಠದ ಸ್ನಾಯುಗಳು ಬಿಗಿಯುತ್ತವೆ, ಉಸಿರು ಮೋಟಾಗುತ್ತದೆ, ಹೆಂಗಸರಿಗೆ ಮುಟ್ಟು ನಿಂತ ಮೇಲೆ ದನಿ ಕೊಂಚ ಇಳಿಯುವುದೂ ಉಂಟು. ಇಳಿದ ದನಿಗೆ ತಕ್ಕ ಶ್ರುತಿ ಹಿಡಿದರೆ ಅದರಲ್ಲೂ ಹಾಡಬಹುದು. ಗಂಟಲಿನ ತೊಂದರೆ, ಅದಕ್ಕೆ ಮಾಡಿಸಿದ ಚಿಕಿತ್ಸೆಯ ನಂತರ ಗಂಗೂಬಾಯಿಯವರ ಕಂಠ ಗಂಡಸರ ಕಂಠದಷ್ಟು ಗಡಸಾಯಿತು. ಲೋಕ ನೆನಪಿಟ್ಟುಕೊಂಡದ್ದು ಆ ಕಂಠವನ್ನೇ. ಆರ್.ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಅವರೆಲ್ಲ ಬಾಲ್ಯದಿಂದ ಹಾಡಿದವರು, ನಾವಲ್ಲ, ನಿಜ. ಆದರೆ ಸಾಧಿಸಿದ ಕಂಠ ವಯಸ್ಸಿಗೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ ಎನ್ನುವುದಕ್ಕೆ ಅವರೇ ಸಾಕ್ಷಿ. ಭಾನುವಾರ ಎರಡು ಗಂಟೆ ಗಂಟಲು ಹರಿದುಕೊಳ್ಳುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮಂದ್ರದಲ್ಲಿ ಸ್ವರ ಹಚ್ಚುವುದು ಮೇಲು. ಬಿಸಿನೀರು, ಕಲ್ಲುಸಕ್ಕರೆ, ಜ್ಯೇಷ್ಠಮಧು ಎಲ್ಲ ಗಂಟಲಿಗೆ ಹಿತವೇ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಗುರುಗಳ ಬಳಿ ಮದ್ದು ಕೇಳಬೇಡಿ, ಇಎನ್‌ಟಿ ವೈದ್ಯರಿಗೆ ತೋರಿಸಿ.

ಹಣದ ಮಾತಿಗೆ ನಾಚಬೇಡಿ. ತಿಂಗಳಿಗೆ ಎಷ್ಟು, ಎಷ್ಟು ಪಾಠ, ನೀವು ತಪ್ಪಿಸಿದರೆ ಏನು, ಅವರು ತಪ್ಪಿಸಿದರೆ ಏನು, ಎಲ್ಲವನ್ನೂ ಮೊದಲೇ ಮಾತಾಡಿಕೊಳ್ಳಿ. ಕಛೇರಿ ಮಾಡುವವರ ಕ್ಯಾಲೆಂಡರ್ ನಮ್ಮದರ ಹಾಗಿರುವುದಿಲ್ಲ. ರಾಮನವಮಿ ಬಂದರೆ ಬೆಂಗಳೂರು, ದಸರೆ ಬಂದರೆ ಮೈಸೂರು, ಡಿಸೆಂಬರ್ ಬಂದರೆ ಪುಣೆ ಅಥವಾ ಚೆನ್ನೈ. ಆ ದಿನಗಳಲ್ಲಿ ಪಾಠ ಮುಂದಕ್ಕೆ ಹೋಗುತ್ತದೆ. ಅದು ಗೊತ್ತಿದ್ದೇ ಅವರ ಬಳಿ ಹೋಗಿದ್ದೇವೆ, ಗೊಣಗುವುದರಲ್ಲಿ ಅರ್ಥವಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಅದು ದಾನ. ಸಂಬಳ, ಪಿಂಚಣಿ ಇರುವ ನಮಗೆ ಆ ದಾನದ ಮೇಲೆ ಹಕ್ಕಿಲ್ಲ. ತರಕಾರಿ ಅಂಗಡಿಯ ಚೌಕಾಸಿ ಇಲ್ಲಿ ಬೇಡ.

ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಮೊದಲು ಕೇಳಿ. ಒಪ್ಪಿದರೆ ಮಾಡಿಕೊಂಡು, ಮನೆಗೆ ಬಂದು ಗುರುಗಳ ಹಾಡಿಗಿಂತ ನಿಮ್ಮ ಹಾಡನ್ನೇ ಹೆಚ್ಚು ಕೇಳಿ. ಮೊದಲ ಸಲ ನಿಮ್ಮ ದನಿ ನಿಮಗೇ ಅಪರಿಚಿತವಾಗಿ ಕೇಳಿಸಿ ಮುಜುಗರವಾಗುತ್ತದೆ, ಸಹಿಸಿಕೊಳ್ಳಿ. ಆ ರೆಕಾರ್ಡಿಂಗನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಪಾಠದಲ್ಲಿ ಗುರುಗಳು ಕೆಮ್ಮುತ್ತಾರೆ, ಹುಡುಕುತ್ತಾರೆ, ಬೇಕೆಂದೇ ನಿಮ್ಮ ತಪ್ಪನ್ನು ಹಾಡಿ ತೋರಿಸುತ್ತಾರೆ. ಅದು ಊರಿಗೆ ಹಂಚುವ ಕಛೇರಿಯಲ್ಲ.

ನ್ಯೂಜೆರ್ಸಿ, ಸಿಡ್ನಿ, ದುಬೈಗಳಿಂದ ಆನ್‌ಲೈನಿನಲ್ಲಿ ಕಲಿಯುವ ಕನ್ನಡಿಗರಿಗೆ ಎರಡು ಮಾತು. ದನಿ ಅಲ್ಲಿಂದ ಇಲ್ಲಿಗೆ ಬರಲು ತಡವಾಗುವುದರಿಂದ ಗುರು ಶಿಷ್ಯರು ಒಟ್ಟಿಗೆ ಹಾಡುವುದು ಆಗದ ಮಾತು. ಅವರು ಹಾಡಿ ನಿಲ್ಲಿಸಬೇಕು, ಆಮೇಲೆ ನೀವು. ಜೂಮ್‌ನಂಥ ಆ್ಯಪ್‌ಗಳು ತಂಬೂರಿಯ ನಾದವನ್ನು ಫ್ಯಾನಿನ ಗದ್ದಲವೆಂದು ತಿಳಿದು ಅಳಿಸಿಹಾಕುತ್ತವೆ. ಸೆಟ್ಟಿಂಗಿನಲ್ಲಿ ‘ಒರಿಜಿನಲ್ ಸೌಂಡ್’ ಹಾಕಿಕೊಳ್ಳಿ. ನಿಮ್ಮ ಎಲೆಕ್ಟ್ರಾನಿಕ್ ತಂಬೂರಿ ನಿಮ್ಮ ಬಳಿಯೇ, ನಿಮ್ಮ ಶ್ರುತಿಯಲ್ಲೇ ನುಡಿಯುತ್ತಿರಲಿ. ಗುರುಗಳಿಗೆ ನಿಮ್ಮ ಸ್ವರ ಮತ್ತು ನಿಮ್ಮ ತಂಬೂರಿ ಎರಡೂ ಕೇಳಿಸದಿದ್ದರೆ ಗಾಂಧಾರ ಇಳಿದದ್ದು ಅವರಿಗೆ ತಿಳಿಯುವುದಾದರೂ ಹೇಗೆ?

ಕೊನೆಗೆ, ಹೇಳದೆ ಇರಲಾಗದ ಒಂದು ವಿಷಯ. ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಕೂರುವ ಪಾಠ ಇದು. ಗುರುಭಕ್ತಿ ನಮ್ಮ ಸಂಗೀತದ ದೊಡ್ಡ ಗುಣ. ಅದನ್ನು ದುರುಪಯೋಗ ಮಾಡಿಕೊಂಡವರೂ ಇದ್ದಾರೆ. ಲೈಂಗಿಕ ಕಿರುಕುಳದ ಆರೋಪಗಳು ಬಂದಾಗ, 2018ರಲ್ಲಿ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಏಳು ಮಂದಿ ಕಲಾವಿದರನ್ನು ತನ್ನ ಡಿಸೆಂಬರ್ ಉತ್ಸವದಿಂದ ಕೈಬಿಟ್ಟಿತು. ಉಸಿರಾಟ ತೋರಿಸುವ ನೆಪದಲ್ಲಿ ಮೈಮುಟ್ಟುವುದು, ಹೊತ್ತಲ್ಲದ ಹೊತ್ತಿನ ಮೆಸೇಜು, ‘ಬೇರೆಯವರ ಕಛೇರಿಗೆ ಹೋಗಬೇಡ’ ಎಂಬ ಕಟ್ಟಳೆ, ಇವು ಯಾವುವೂ ಪರಂಪರೆಯಲ್ಲ. ಕಾಲಿಗೆ ನಮಸ್ಕಾರ ಮಾಡುವುದು ನಿಮ್ಮ ಇಷ್ಟ, ಕೂಡದು ಎನ್ನುವುದು ನಿಮ್ಮ ಹಕ್ಕು. ಮನಸ್ಸು ಒಪ್ಪದಿದ್ದರೆ ಎದ್ದು ಬನ್ನಿ. ಬೇರೆ ಗುರು ಸಿಗುತ್ತಾರೆ.

ನಿಮ್ಮಲ್ಲಿ ಹೆಚ್ಚಿನವರು ವೇದಿಕೆ ಏರುವುದಿಲ್ಲ, ಏರಬೇಕಾಗಿಯೂ ಇಲ್ಲ. ಆದರೆ ಒಂದು ವರ್ಷ ಒಳ್ಳೆಯ ಕಿವಿಯ ಮುಂದೆ ಹಾಡಿದರೆ ನಿಮ್ಮ ಕಿವಿಯೂ ತಯಾರಾಗುತ್ತದೆ. ಆಮೇಲೆ ನೀವು ಕೇಳುವ ಪ್ರತಿ ಕಛೇರಿಯಲ್ಲೂ ಮೊದಲು ಕೇಳಿಸದಿದ್ದದ್ದು ಕೇಳಿಸತೊಡಗುತ್ತದೆ. ಕಂಠ ಕೈಕೊಟ್ಟರೂ ಆ ಲಾಭ ನಿಮ್ಮಿಂದ ಹೋಗುವುದಿಲ್ಲ. ಹಾಗಾಗಿ ಒಂದೇ ವಿನಂತಿ: ಮುಂದಿನ ಪಾಠಕ್ಕೆ ಹೋದಾಗ ಹೊಸ ಹಾಡು ಕೇಳಬೇಡಿ. ಕಳೆದ ವಾರದ್ದನ್ನೇ ಹಾಡಿ ತೋರಿಸಿ, ಎಲ್ಲಿ ತಪ್ಪಿತು ಎಂದು ಕೇಳಿ.

ಇಂತಿ,
ನಿಮ್ಮಂತೆಯೇ ಕಲಿಯುತ್ತಿರುವ ಒಬ್ಬಳು
ಧಾರವಾಡ